ಸ್ಲೇಟರ್‌ಗೂ ಮೊದಲು ಅಲ್ಲೊಂದು ಕುಲುಮೆ ಇತ್ತು: ಜೆಂಕ್ಸ್ ಮನೆತನ ಮತ್ತು ಪಾಟಕೆಟ್ ಮಿಲ್ ಊರು

ಅಮೆರಿಕದ ಕೈಗಾರಿಕಾ ಕ್ರಾಂತಿ ಬಗ್ಗೆ ಎಲ್ಲಿ ಓದಿದರೂ ಒಂದೇ ಕಥೆ ಸಿಗುತ್ತೆ. ಸ್ಯಾಮ್ಯುಯೆಲ್ ಸ್ಲೇಟರ್ ಅಂತ ಒಬ್ಬ ಇಂಗ್ಲಿಷ್ ಹುಡುಗ. ಬೆಲ್ಪರ್ ಅನ್ನೋ ಊರಿನ ಹತ್ತಿ ಮಿಲ್ಲಿನಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತವನು. ನೂಲಿನ ಮಷೀನಾಗಲಿ, ಅದನ್ನು ಬಲ್ಲ ಕೆಲಸಗಾರನಾಗಲಿ ದೇಶ ಬಿಟ್ಟು ಹೋಗಬಾರದು ಅಂತ ಆಗ ಇಂಗ್ಲೆಂಡಿನಲ್ಲಿ ಕಾನೂನಿತ್ತು. 1789ರಲ್ಲಿ, 21ನೇ ವಯಸ್ಸಿಗೆ, ಸ್ಲೇಟರ್ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಸದ್ದಿಲ್ಲದೆ ಹಡಗು ಹತ್ತಿದ. ಮರುವರ್ಷ ರೋಡ್ ಐಲೆಂಡ್‌ನ ಪಾಟಕೆಟ್ ಅನ್ನೋ ಪುಟ್ಟ ಊರಿಗೆ ಬಂದ. 1790ರ ಡಿಸೆಂಬರ್ 20ಕ್ಕೆ ನೀರಿನ ಬಲದಿಂದ ಅಲ್ಲಿ ಹತ್ತಿ ನೂಲು ಬರೋಕೆ ಶುರುವಾಯ್ತು. ಅದಕ್ಕೇ ಅವನನ್ನ ಅಮೆರಿಕದ ಫ್ಯಾಕ್ಟರಿಗಳ ಪಿತಾಮಹ ಅಂತಾರೆ. ಇಂಗ್ಲೆಂಡಿನ ಕೆಲವರು ದ್ರೋಹಿ ಅಂತಲೂ ಅಂದ್ರು.

ಕಥೆ ಚೆನ್ನಾಗಿದೆ. ಆದರೆ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಒಂದು ಸಣ್ಣ ಜಾಬ್ ಮುಗಿಸೋಕೆ ಮೂರು ಗಂಟೆ ಒದ್ದಾಡುವ ನಮಗೆ ಒಂದು ಡೌಟ್ ಬರಲೇಬೇಕಲ್ಲ. ಮಷೀನು ತಲೆಯಲ್ಲಿತ್ತು, ಸರಿ. ಅದರ ರೋಲರ್, ಸ್ಪಿಂಡಲ್, ಗೇರು ಇವನ್ನೆಲ್ಲ ಮಾಡಿಕೊಟ್ಟವರು ಯಾರು? ಕೆಲವೇ ಮನೆಗಳ ಆ ಊರಲ್ಲಿ ಕಬ್ಬಿಣವನ್ನ ಅಷ್ಟು ನಿಖರವಾಗಿ ತಿರುವುವ ಕೈಗಳು ಎಲ್ಲಿಂದ ಬಂದವು? ಬೇರೆ ಯಾವ ಊರೂ ಅಲ್ಲದೆ ಪಾಟಕೆಟ್ಟೇ ಯಾಕೆ?

ಕ್ಲಬ್‌ನ ನಾವು ನಾಲ್ಕು ಜನ, ಇಬ್ಬರು ಮೆಕ್ಯಾನಿಕಲ್, ಒಬ್ಬರು ಸಿವಿಲ್, ಒಬ್ಬರು ಸಿಎಸ್, ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದೆವು. ಸ್ಲೇಟರ್‌ಗಿಂತ ಸುಮಾರು 120 ವರ್ಷ ಹಿಂದೆ ಹೋದಾಗ ಒಂದು ಮನೆತನ ಸಿಕ್ಕಿತು. ಅದರ ಹೆಸರು ಜೆಂಕ್ಸ್.

ಮನೆತನದ ಮೊದಲನೆಯವನು ಜೋಸೆಫ್ ಜೆಂಕ್ಸ್. ಲಂಡನ್ ಕಡೆಯವನು, ಕತ್ತಿ ಮತ್ತು ಹರಿತದ ಸಾಮಾನು ಮಾಡೋ ಕೆಲಸದವನು. ಹೆಂಡತಿ ತೀರಿಕೊಂಡ ಮೇಲೆ, 1640ರ ದಶಕದಲ್ಲಿ, ಹೊಸ ದೇಶಕ್ಕೆ ಬಂದ. ಅದೇ ಸಮಯಕ್ಕೆ ಮ್ಯಾಸಚೂಸೆಟ್ಸ್‌ನ ಸಾಗಸ್ ನದಿ ದಡದಲ್ಲಿ ಒಂದು ದೊಡ್ಡ ಕಬ್ಬಿಣದ ಕಾರ್ಖಾನೆ ಏಳುತ್ತಿತ್ತು. ಊದುಕುಲುಮೆ, ನೀರಿನ ಚಕ್ರದಿಂದ ಏಳುವ ಸುಮಾರು 500 ಪೌಂಡಿನ ಸುತ್ತಿಗೆ, ಕಬ್ಬಿಣದ ಪಟ್ಟಿಯನ್ನ ಒತ್ತಿ ಸೀಳುವ ರೋಲಿಂಗ್ ಮಿಲ್ಲು. ಆ ಕಾಲಕ್ಕೆ ಇಡೀ ಪ್ರಪಂಚದಲ್ಲೇ ಇಂಥ ರೋಲಿಂಗ್ ಮಿಲ್ಲುಗಳು ಬೆರಳೆಣಿಕೆಯಷ್ಟು. ಅಲ್ಲಿ ದುಡಿದವರಲ್ಲಿ ಸ್ಕಾಟ್ಲೆಂಡಿನ ಯುದ್ಧ ಕೈದಿಗಳೂ ಇದ್ದರು. 1650ರ ಡನ್‌ಬಾರ್ ಯುದ್ಧದಲ್ಲಿ ಸೆರೆ ಸಿಕ್ಕವರನ್ನ ಹಡಗಿನಲ್ಲಿ ತುಂಬಿ ಕಳಿಸಿ, ಇಷ್ಟು ವರ್ಷ ಅಂತ ದುಡಿಸಿಕೊಂಡಿದ್ದರು.

ಜೆಂಕ್ಸ್ ಕಾರ್ಖಾನೆಯ ನೌಕರ ಆಗಲಿಲ್ಲ. ಕಾರ್ಖಾನೆಯ ಚಕ್ರಗಳನ್ನ ತಿರುಗಿಸಿ ಹೊರಗೆ ಬೀಳುವ ನೀರು ಇರುತ್ತಲ್ಲ, ಆ ಜಾಗವನ್ನ ಗುತ್ತಿಗೆಗೆ ತೆಗೆದುಕೊಂಡು ತನ್ನದೇ ಕುಲುಮೆ ಹಾಕಿದ. ಒಂದೇ ನೀರು, ಎರಡು ಸಲ ಕೆಲಸ. ಅದಕ್ಕೂ ಮುಂಚೆ, 1646ರಲ್ಲಿ, ಮ್ಯಾಸಚೂಸೆಟ್ಸ್‌ನ ಶಾಸನ ಸಭೆಗೆ ಅರ್ಜಿ ಹಾಕಿ, ನೀರಿನಿಂದ ನಡೆಯುವ ಯಂತ್ರದಲ್ಲಿ ಕುಡುಗೋಲು ಮುಂತಾದ ಹರಿತದ ಸಾಮಾನು ಮಾಡೋಕೆ ಮತ್ತು ಹೊಸ ಬಗೆಯ ಮರ ಕೊಯ್ಯುವ ಮಿಲ್ಲಿಗೆ 14 ವರ್ಷದ ಹಕ್ಕು ಪಡೆದಿದ್ದ. ಅಮೆರಿಕದ ನೆಲದಲ್ಲಿ ಯಂತ್ರಕ್ಕೆ ಸಿಕ್ಕ ಮೊದಲ ಪೇಟೆಂಟ್ ಅಂತ ಇದನ್ನೇ ಲೆಕ್ಕ ಹಾಕ್ತಾರೆ. 14 ಯಾಕೆ ಅಂತ ಕೇಳಬಹುದು. ಇಂಗ್ಲೆಂಡಿನ 1624ರ ಕಾನೂನು ಇಟ್ಟ ಮಿತಿ ಅದು. ಒಬ್ಬ ಅಪ್ರೆಂಟಿಸ್ ಕಲಿಯೋಕೆ ಏಳು ವರ್ಷ, ಅದರ ಎರಡರಷ್ಟು. ಪೇಟೆಂಟ್ ಅವಧಿಯನ್ನ ಕೆಲಸ ಕಲಿಯೋ ಕಾಲದಿಂದ ಅಳೆದಿದ್ದರು ಅನ್ನೋದು ನಮಗೆ ತುಂಬಾ ಹಿಡಿಸಿತು. 1655ರಲ್ಲಿ ಅವನಿಗೆ ಇನ್ನೊಂದು ಪೇಟೆಂಟ್ ಸಿಕ್ಕಿತು, ಸುಧಾರಿಸಿದ ಕುಡುಗೋಲಿಗೆ. ಉದ್ದ ಹಿಡಿ ಹಾಕಿ, ನಿಂತೇ ಹುಲ್ಲು ಕೊಯ್ಯುವ ದೊಡ್ಡ ಕುಡುಗೋಲು ಅದು. ಅಲ್ಲಿಯ ಚಳಿಗಾಲದಲ್ಲಿ ದನ ಬದುಕಬೇಕಾದರೆ ಬೇಸಿಗೆಯಲ್ಲೇ ಹುಲ್ಲು ಕೊಯ್ದು ಒಟ್ಟಬೇಕು. ಹಾಗಾಗಿ ಕುಡುಗೋಲು ಸಣ್ಣ ವಿಷಯ ಅಲ್ಲ.

ಸಾಗಸ್ ಕಾರ್ಖಾನೆ ಸಾಲ, ಕೋರ್ಟು ಕೇಸು ಅಂತ ಒದ್ದಾಡಿ 1670ರ ಸುಮಾರಿಗೆ ನಿಂತೇ ಹೋಯ್ತು. ಕಂಪನಿಯ ದೃಷ್ಟಿಯಿಂದ ನೋಡಿದರೆ ಫೇಲ್. ಆದರೆ ಅಲ್ಲಿ ಪಳಗಿದವರು ಸುಮ್ಮನೆ ಕೂರಲಿಲ್ಲ. ಲಿಯೊನಾರ್ಡ್ ಅನ್ನೋ ಮನೆತನದವರು ಟಾಂಟನ್ ಕಡೆ ಕುಲುಮೆ ಹಾಕಿದರು. ಜೆಂಕ್ಸ್‌ನ ಮಗ, ಅವನ ಹೆಸರೂ ಜೋಸೆಫೇ, ದಕ್ಷಿಣಕ್ಕೆ ರೋಡ್ ಐಲೆಂಡ್ ಕಡೆ ಹೊರಟ. 1671ರಲ್ಲಿ ಬ್ಲ್ಯಾಕ್‌ಸ್ಟೋನ್ ನದಿಯ ಜಲಪಾತದ ಪಕ್ಕ 60 ಎಕರೆ ಕೊಂಡು, ಕುಲುಮೆ ಮತ್ತು ಮರ ಕೊಯ್ಯುವ ಮಿಲ್ಲು ಕಟ್ಟಿದ. ಆ ಜಾಗವೇ ಪಾಟಕೆಟ್.

ಆ ಹೆಸರು ಇಂಗ್ಲಿಷ್ ಅಲ್ಲ, ಅಲ್ಲಿಯ ಮೂಲ ನಿವಾಸಿಗಳ ಅಲ್ಗಾಂಕ್ವಿಯನ್ ನುಡಿಯದ್ದು. ಅರ್ಥ, ನೀರು ಬೀಳುವ ಜಾಗ. 1638ರಲ್ಲಿ ನರಗಾನ್ಸೆಟ್ ಜನರ ಮುಖಂಡರಾದ ಕನೋನಿಕಸ್ ಮತ್ತು ಮಿಯಾಂಟೊನೊಮಿ, ರೋಜರ್ ವಿಲಿಯಮ್ಸ್‌ಗೆ ಜಮೀನು ಬಿಟ್ಟುಕೊಟ್ಟ ಪತ್ರದಲ್ಲಿ ಗಡಿ ಗುರುತಾಗಿ ಪಾಟಕೆಟ್‌ನ ಹೊಲಗಳ ಹೆಸರು ಬರುತ್ತೆ. ಗಮನಿಸಿ, ಹೊಲಗಳು. ಖಾಲಿ ಕಾಡಿಗೆ ಬಂದು ನೆಲೆಸಿದರು ಅಂತ ಹಳೇ ಪುಸ್ತಕಗಳಲ್ಲಿ ಓದಿದಾಗ ಈ ಒಂದು ಪದ ನೆನಪಿರಲಿ.

ಮುಂದೆ 1675ರಲ್ಲಿ ವಾಂಪನೋಗ್ ನಾಯಕ ಮೆಟಕಾಮ್‌ನ ಮುಂದಾಳತ್ವದಲ್ಲಿ ಯುದ್ಧ ಶುರುವಾಯ್ತು. ಇಂಗ್ಲಿಷಿನವರು ಅವನನ್ನ ಕಿಂಗ್ ಫಿಲಿಪ್ ಅಂತ ಕರೀತಿದ್ದರಿಂದ ಪುಸ್ತಕಗಳಲ್ಲಿ ಅದು ಕಿಂಗ್ ಫಿಲಿಪ್ಸ್ ವಾರ್. ಆ ವರ್ಷದ ಡಿಸೆಂಬರಿನಲ್ಲಿ ವಲಸೆಗಾರರ ಸೈನ್ಯ ನರಗಾನ್ಸೆಟ್ ಜನರ ಕೋಟೆಗೆ ನುಗ್ಗಿ, ಹೆಂಗಸರು ಮಕ್ಕಳು ಅನ್ನದೆ ನೂರಾರು ಜನರನ್ನ ಕೊಂದಿತು. 1676ರ ಮಾರ್ಚ್‌ನಲ್ಲಿ ಅವರು ತಿರುಗಿ ಬಿದ್ದಾಗ ಪ್ರಾವಿಡೆನ್ಸ್ ಸುಟ್ಟಿತು, ಜೆಂಕ್ಸ್‌ನ ಕುಲುಮೆಯೂ ಸುಟ್ಟಿತು. ಯುದ್ಧ ಮುಗಿದ ಮೇಲೆ ಜೆಂಕ್ಸ್ ವಾಪಸ್ ಬಂದು ಮತ್ತೆ ಕಟ್ಟಿದ. ನರಗಾನ್ಸೆಟ್ ಜನರಲ್ಲಿ ಬದುಕುಳಿದ ಎಷ್ಟೋ ಮಂದಿಯನ್ನ ಜೀತಕ್ಕೆ, ಗುಲಾಮಗಿರಿಗೆ ಮಾರಿದರು. ಊರಿನ ಇತಿಹಾಸದಲ್ಲಿ ‘ಸುಟ್ಟ ಕುಲುಮೆಯನ್ನ ಮರಳಿ ಕಟ್ಟಿದರು’ ಅನ್ನೋ ವಾಕ್ಯ ಬೇಗ ಸಿಗುತ್ತೆ. ಇನ್ನೊಂದು ವಾಕ್ಯವನ್ನ ಹುಡುಕಬೇಕು.

ಈಗ ಆ ಜಲಪಾತ ಯಾಕೆ ಅಷ್ಟು ಮುಖ್ಯ ಅಂತ ನೋಡೋಣ. ಬ್ಲ್ಯಾಕ್‌ಸ್ಟೋನ್ ದೊಡ್ಡ ನದಿ ಏನಲ್ಲ, ಉದ್ದ ಸುಮಾರು 74 ಕಿ.ಮೀ. ಆದರೆ ಅಷ್ಟರಲ್ಲೇ ಸುಮಾರು 130 ಮೀಟರ್ ಕೆಳಗಿಳಿಯುತ್ತೆ. ಶಕ್ತಿಯ ಸೂತ್ರ ನಮಗೆಲ್ಲ ಗೊತ್ತು: ನೀರಿನ ಸಾಂದ್ರತೆ, ಗುರುತ್ವ, ಹರಿವು, ಎತ್ತರ, ಇವು ನಾಲ್ಕರ ಗುಣಲಬ್ಧ. ಲೆಕ್ಕಕ್ಕೆ ಒಂದು ಸೆಕೆಂಡಿಗೆ ಒಂದು ಘನ ಮೀಟರ್ ನೀರು 5 ಮೀಟರ್ ಎತ್ತರದಿಂದ ಬೀಳುತ್ತೆ ಅಂತಿಟ್ಟುಕೊಳ್ಳಿ. 49 ಕಿಲೋವ್ಯಾಟ್ ಬರುತ್ತೆ. ಮರದ ಚಕ್ರದ ದಕ್ಷತೆ ಶೇ. 60 ಅಂತ ಹಿಡಿದರೂ ಸುಮಾರು 40 ಅಶ್ವಶಕ್ತಿ. ಸುತ್ತಿಗೆ ಎತ್ತೋಕೆ ಮನುಷ್ಯನ ತೋಳು ಬಿಟ್ಟರೆ ಎತ್ತು, ಕುದುರೆ ಮಾತ್ರ ಇದ್ದ ಕಾಲದಲ್ಲಿ ಇದು ಹಗಲೂ ರಾತ್ರಿ ಪುಕ್ಕಟೆ ಸಿಗ್ತಿತ್ತು. ಇನ್ನೊಂದು ಅನುಕೂಲ ಏನಂದ್ರೆ, ಜಲಪಾತದ ಬುಡದವರೆಗೂ ಸಮುದ್ರದ ಉಬ್ಬರದ ನೀರು ಬರುತ್ತೆ. ಮೇಲೆ ಶಕ್ತಿ, ಕೆಳಗೆ ದೋಣಿ. ಮಾಡಿದ ಮಾಲು ನೇರ ಬಂದರಿಗೆ.

ಎರಡನೇ ಜೋಸೆಫ್‌ಗೆ ನಾಲ್ಕು ಜನ ಗಂಡುಮಕ್ಕಳು. ಹಿರಿಯವನು (ಅವನೂ ಜೋಸೆಫ್!) 1727ರಿಂದ 1732ರವರೆಗೆ ರೋಡ್ ಐಲೆಂಡ್‌ನ ಗವರ್ನರ್ ಆದ. ಒಬ್ಬ ಪಾದ್ರಿ, ಒಬ್ಬ ಜಡ್ಜ್, ಒಬ್ಬ ಮೇಜರ್. ಕಮ್ಮಾರನ ಮಕ್ಕಳು ಒಂದೇ ತಲೆಮಾರಿನಲ್ಲಿ ಎಲ್ಲಿಗೆ ಮುಟ್ಟಿದರು ನೋಡಿ. ಜಲಪಾತದ ಪಶ್ಚಿಮ ದಡದ ನೆಲ ಮತ್ತು ನೀರಿನ ಹೆಚ್ಚಿನ ಪಾಲು ಬಹಳ ಕಾಲ ಇವರ ಕೈಯಲ್ಲೇ ಇತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಇಷ್ಟು ಹಳೇ ಮನೆತನದ ಕಥೆ ಗೊತ್ತಾಗೋದು ಹೇಗೆ? ನಮಗೆ ಈ ಭಾಗವೇ ಎಲ್ಲಕ್ಕಿಂತ ಇಂಟರೆಸ್ಟಿಂಗ್ ಅನ್ನಿಸಿತು, ಯಾಕಂದ್ರೆ ಇದು ಪಕ್ಕಾ ಡೀಬಗ್ ಮಾಡೋ ಕೆಲಸ.

ಮೊದಲ ತಲೆನೋವು ಹೆಸರು. ಅಜ್ಜ ಜೋಸೆಫ್, ಅಪ್ಪ ಜೋಸೆಫ್, ಮಗ ಜೋಸೆಫ್. ತಾತನ ಹೆಸರು ಮೊಮ್ಮಗನಿಗೆ ಇಡೋ ನಮ್ಮ ಮನೆಗಳಲ್ಲಿ ಇದೇನೂ ಹೊಸದಲ್ಲ. ಆದರೆ ಅಲ್ಲಿಯ ಹಳೇ ಕಾಗದಗಳಲ್ಲಿ ‘ಜೂನಿಯರ್’ ಅಂದರೆ ಮಗ ಅಂತಲೇ ಅರ್ಥ ಅಲ್ಲ. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ವಯಸ್ಸಿನಲ್ಲಿ ಚಿಕ್ಕವನು ಜೂನಿಯರ್, ಅಷ್ಟೇ. ಚಿಕ್ಕಪ್ಪನ ಮಗನೂ ಆಗಬಹುದು, ಸಂಬಂಧವೇ ಇಲ್ಲದವನೂ ಆಗಬಹುದು. ಹಿರಿಯವನು ಸತ್ತ ಮರುದಿನದಿಂದ ಜೂನಿಯರ್ ಸೀನಿಯರ್ ಆಗಿಬಿಡ್ತಾನೆ. ಹಾಗಾಗಿ ಹೆಸರಿನ ಮೇಲೆ ಹೋಗದೆ, ಯಾವ ಜಮೀನು, ಪಕ್ಕದ ಹೊಲ ಯಾರದು, ಸಾಕ್ಷಿ ಹಾಕಿದವರು ಯಾರು ಅಂತ ನೋಡಿ ಆಸಾಮಿಯನ್ನ ಗುರುತಿಸಬೇಕು.

ಎರಡನೆಯದು ಸ್ಪೆಲಿಂಗ್. ಒಂದೇ ಮನೆತನ ಜೆಂಕ್ಸ್, ಜೆಂಕೆಸ್, ಜಿಂಕ್ಸ್ ಅಂತ ಏನೇನೋ ಆಗಿ ಬರುತ್ತೆ. ಗವರ್ನರ್ ಸಾಹೇಬರ ಹೆಸರಿನಲ್ಲಿ ಎರಡು ಅಕ್ಷರ ಜಾಸ್ತಿ. ಸಿಎಸ್‌ನವರಿಗೆ ಇಲ್ಲೊಂದು ಒಳ್ಳೇ ಪ್ರಾಬ್ಲಂ ಇದೆ. 1918ರಲ್ಲಿ ರಾಬರ್ಟ್ ರಸೆಲ್ ಅನ್ನೋರು ಸೌಂಡೆಕ್ಸ್ ಅನ್ನೋ ವಿಧಾನಕ್ಕೆ ಪೇಟೆಂಟ್ ಪಡೆದರು. ಹೆಸರನ್ನ ಕಾಗುಣಿತದ ಬದಲು ಉಚ್ಚಾರದ ಮೇಲೆ ಜೋಡಿಸೋ ವಿಧಾನ. ಮೊದಲ ಅಕ್ಷರ ಹಾಗೇ ಉಳಿಸಿ, ಮುಂದಿನ ವ್ಯಂಜನಗಳಿಗೆ 1ರಿಂದ 6ರವರೆಗಿನ ಅಂಕಿ ಕೊಟ್ಟು, ಸ್ವರ ಬಿಟ್ಟು, ಒಟ್ಟು ಮೂರು ಅಂಕಿಗೆ ನಿಲ್ಲಿಸೋದು. ಅಕ್ಕಪಕ್ಕ ಒಂದೇ ಅಂಕಿ ಬಂದರೆ ಒಂದನ್ನ ಬಿಡಬೇಕು, ಮಧ್ಯೆ ಸ್ವರ ಇದ್ದರೆ ಎರಡನ್ನೂ ಇಟ್ಟುಕೊಳ್ಳಬೇಕು. ಅಮೆರಿಕದ ಹಳೇ ಜನಗಣತಿಗಳಿಗೆ ಸೂಚಿ ಮಾಡಿದ್ದು ಇದೇ ರೀತಿಯಲ್ಲಿ. ನಾವು ಕೈಯಲ್ಲೇ ಲೆಕ್ಕ ಹಾಕಿ ನೋಡಿದೆವು. ಜೆಂಕ್ಸ್ ಮತ್ತು ಜಿಂಕ್ಸ್ ಎರಡಕ್ಕೂ ಜೆ-520 ಬರುತ್ತೆ, ಭೇಷ್. ಆದರೆ ಗವರ್ನರ್ ಸ್ಪೆಲಿಂಗಿನಲ್ಲಿ ಕೊನೆಯ ಅಕ್ಷರಕ್ಕೆ ಮೊದಲು ಒಂದು ಸ್ವರ ಇದೆಯಲ್ಲ, ಅದರಿಂದ ಜೆ-522 ಆಗಿಬಿಡುತ್ತೆ. ಅಂದರೆ ಒಂದೇ ಕೋಡ್ ಹಿಡಿದು ಹುಡುಕಿದರೆ ಮನೆತನದ ಅರ್ಧ ಜನ ಸಿಗೋದೇ ಇಲ್ಲ. ತಪ್ಪು ಕಾಗುಣಿತದಿಂದ ಕಾಪಾಡೋಕೆ ಅಂತ ಮಾಡಿದ ಅಲ್ಗಾರಿದಮ್ಮು ಒಂದು ಮೌನ ಸ್ವರಕ್ಕೆ ಮುಗ್ಗರಿಸುತ್ತೆ.

ಮೂರನೆಯದು ತಾರೀಕು. 1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗ್ತಿದ್ದದ್ದು ಮಾರ್ಚ್ 25ಕ್ಕೆ. ಯುಗಾದಿ ಆಚರಿಸುವ ನಮಗೆ ಇದರಲ್ಲೇನೂ ವಿಚಿತ್ರ ಇಲ್ಲ, ಆದರೆ ದಾಖಲೆ ಓದುವಾಗ ಎಡವಟ್ಟಾಗುತ್ತೆ. ಎರಡನೇ ಜೋಸೆಫ್ ಸತ್ತ ಜನವರಿಯನ್ನ 1716/17 ಅಂತ ಬರೆದಿರ್ತಾರೆ. ಅವರ ಲೆಕ್ಕದಲ್ಲಿ 1716, ನಮ್ಮ ಲೆಕ್ಕದಲ್ಲಿ 1717.

ನಾಲ್ಕನೆಯದು ಊರಿನ ಗಡಿ. ಪಾಟಕೆಟ್ ನದಿಯ ಎರಡೂ ದಡದಲ್ಲಿತ್ತು. ಪಶ್ಚಿಮ ದಡ ರೋಡ್ ಐಲೆಂಡ್, ಪೂರ್ವ ದಡ 1862ರವರೆಗೂ ಮ್ಯಾಸಚೂಸೆಟ್ಸ್. ಸೇತುವೆ ದಾಟಿ ಎದುರು ದಡದ ಹುಡುಗಿಯನ್ನ ಮದುವೆ ಆದರೆ ಆ ದಾಖಲೆ ಬೇರೆ ರಾಜ್ಯದಲ್ಲಿ. ಎರಡೂ ಕಡೆ ಸೇರಿ ಒಂದೇ ಪಟ್ಟಣ ಆಗಿದ್ದು 1874ರಲ್ಲಿ.

ಇವಷ್ಟರ ಮೇಲೆ ಮನೆತನದ ದಂತಕಥೆಗಳು ಬೇರೆ. ಗವರ್ನರ್ ಏಳು ಅಡಿಗಿಂತ ಎತ್ತರ ಇದ್ದ ಅಂತ ಒಂದು. ಬಾಸ್ಟನ್‌ನಲ್ಲಿ ಟಂಕಿಸಿದ, 1652 ಅಂತ ಇಸವಿ ಇರುವ, ಪೈನ್ ಮರದ ಚಿತ್ರದ ಬೆಳ್ಳಿ ನಾಣ್ಯಕ್ಕೆ ಅಚ್ಚು ಕೊರೆದದ್ದು ಮುದುಕ ಜೆಂಕ್ಸ್ ಅಂತ ಇನ್ನೊಂದು. ಆ ಟಂಕಸಾಲೆ ನಡೆಸಿದವರು ಜಾನ್ ಹಲ್ ಮತ್ತು ರಾಬರ್ಟ್ ಸ್ಯಾಂಡರ್ಸನ್ ಅಂತ ದಾಖಲೆ ಇದೆ. ಪೈನ್ ಮರದ ವಿನ್ಯಾಸ ಬಂದಿದ್ದೂ 1660ರ ದಶಕದ ಕೊನೆಗೆ, ಹಳೇ ಇಸವಿಯನ್ನೇ ಅದರ ಮೇಲೆ ಹಾಕ್ತಾ ಹೋದರು. ದಂತಕಥೆ ಕೇಳೋಕೆ ಚಂದ, ಆದರೆ ನಾವಾದರೆ ಅದನ್ನ ವಂಶವೃಕ್ಷದಲ್ಲಿ ಸೇರಿಸಲ್ಲ.

ಕಾಗದ ಸುಳ್ಳು ಹೇಳಬಹುದು, ನೆಲ ಅಷ್ಟು ಸುಲಭಕ್ಕೆ ಹೇಳಲ್ಲ. 1948ರಿಂದ 1953ರವರೆಗೆ ರೋಲಂಡ್ ರಾಬಿನ್ಸ್ ಅನ್ನೋರು ಸಾಗಸ್‌ನಲ್ಲಿ ಅಗೆದು, ಮುನ್ನೂರು ವರ್ಷ ಮಣ್ಣಿನಡಿ ಇದ್ದ ಕಾರ್ಖಾನೆಯನ್ನ ಹೊರತೆಗೆದರು. ನೀರಿನ ಚಕ್ರದ ಮರದ ಭಾಗಗಳು, 500 ಪೌಂಡಿನ ಆ ಸುತ್ತಿಗೆಯ ತಲೆ, ಜೆಂಕ್ಸ್ ಕುಲುಮೆ ಇದ್ದ ಜಾಗ, ಎಲ್ಲ ಸಿಕ್ಕವು. 1968ರಿಂದ ಅದು ಅಲ್ಲಿಯ ರಾಷ್ಟ್ರೀಯ ಸ್ಮಾರಕ.

ಸರಿ, ವಾಪಸ್ ಪಾಟಕೆಟ್‌ಗೆ. ಕುಲುಮೆ ಅಂದಮೇಲೆ ಒಡ್ಡು, ಒಡ್ಡು ಅಂದಮೇಲೆ ಜಗಳ. 1714ರ ಸುಮಾರಿಗೆ ಜಲಪಾತದ ಪಕ್ಕದಲ್ಲಿ ಸಾರ್ಜೆಂಟ್ಸ್ ಟ್ರೆಂಚ್ ಅಂತ ಒಂದು ಕಾಲುವೆ ತೋಡಿದರು. ಮೊದಲ ಉದ್ದೇಶ ಮಿಲ್ಲಲ್ಲ, ಮೀನು! ಸಮುದ್ರದಿಂದ ಮೊಟ್ಟೆ ಇಡೋಕೆ ನದಿ ಹತ್ತಿ ಬರುವ ಮೀನುಗಳು ಜಲಪಾತವನ್ನ ಬಳಸಿಕೊಂಡು ಮೇಲೆ ಹೋಗಲಿ ಅಂತ. ಮೇಲಿನ ಊರುಗಳ ರೈತರಿಗೆ ಆ ಮೀನು ವರ್ಷದ ಊಟ. ಮೀನುಗಳು ಆ ದಾರಿಗೆ ಬರಲಿಲ್ಲ, ಕಾಲುವೆಯ ಮೇಲೆ ನಿಧಾನಕ್ಕೆ ಮಿಲ್ಲುಗಳು ಎದ್ದವು. 1718ರ ಸುಮಾರಿಗೆ ನದಿಗೆ ಅಡ್ಡಲಾಗಿ ಕೆಳಗಿನ ಒಡ್ಡು ಬಂತು. 1792ರಲ್ಲಿ ಸ್ಲೇಟರ್ ಕಡೆಯವರು ಅದಕ್ಕೂ ಮೇಲೆ ಇನ್ನೊಂದು ಒಡ್ಡು ಕಟ್ಟಿದರು. ಮೇಲಿನವರು ನೀರು ಹಿಡಿದುಕೊಂಡರೆ ಕೆಳಗಿನವರ ಚಕ್ರ ನಿಲ್ಲುತ್ತೆ. ಮುಂದಿನ ಕಥೆ ಕಾವೇರಿ ಸುದ್ದಿ ಓದಿ ಬೆಳೆದ ನಮಗೆ ಹೇಳಿಕೊಡಬೇಕಾಗಿಲ್ಲ.

ಜಗಳ ಕೊನೆಗೆ ಟೈಲರ್ ವಿರುದ್ಧ ವಿಲ್ಕಿನ್ಸನ್ ಅಂತ ಕೋರ್ಟ್ ಕೇಸ್ ಆಗಿ, 1827ರಲ್ಲಿ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ ತೀರ್ಪು ಕೊಟ್ಟರು. ಹರಿಯೋ ನೀರಿಗೆ ಯಾರೂ ಒಡೆಯರಲ್ಲ, ದಡದಲ್ಲಿ ಇರೋ ಎಲ್ಲರಿಗೂ ಅದನ್ನ ಬಳಸೋ ಸಮಾನ ಹಕ್ಕಿದೆ, ಇನ್ನೊಬ್ಬರಿಗೆ ಗಂಭೀರ ತೊಂದರೆ ಆಗದ ಹಾಗೆ ಬಳಸಬೇಕು. ಕಾಲುವೆಯವರಿಗೆ ಬಹುಕಾಲದಿಂದ ಹರಿದು ಬಂದಷ್ಟು ನೀರಿನ ಮೇಲೆ ಹಕ್ಕುಂಟು, ಅದಕ್ಕಿಂತ ಹೆಚ್ಚು ಎಳೆದುಕೊಳ್ಳುವಂತಿಲ್ಲ. ಒಂದು ಪುಟ್ಟ ಊರಿನ ಒಡ್ಡಿನ ಜಗಳದಿಂದ ಹುಟ್ಟಿದ ಈ ತೀರ್ಪನ್ನ ಅಮೆರಿಕದ ಜಲ ಕಾನೂನಿನ ಪಾಠಗಳಲ್ಲಿ ಇವತ್ತಿಗೂ ಓದಿಸ್ತಾರೆ. ಅದರಲ್ಲಿ ಮೀನು ತಿನ್ನುವ ರೈತರು ಕಕ್ಷಿದಾರರೇ ಅಲ್ಲ. ಅಷ್ಟು ಹೊತ್ತಿಗೆ ಅವರು ಸೋತು ಬಹಳ ವರ್ಷ ಆಗಿತ್ತು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. 1790ರಲ್ಲಿ ಸ್ಲೇಟರ್ ಬಂದಿಳಿದಾಗ ಪಾಟಕೆಟ್ ಖಾಲಿ ಹಳ್ಳಿ ಆಗಿರಲಿಲ್ಲ. ಮೂರು ನಾಲ್ಕು ತಲೆಮಾರಿನಿಂದ ಕಬ್ಬಿಣ ಬಡಿಯುತ್ತಿದ್ದ ಊರು ಅದು. ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ ಸ್ಟೀಫನ್ ಜೆಂಕ್ಸ್ ಅಲ್ಲಿ ಬಂದೂಕು ಮಾಡ್ತಿದ್ದ. ಯುದ್ಧದ ಆಸುಪಾಸಿನಲ್ಲಿ ಬಂದು ನೆಲೆಸಿದ ಓಜಿಯಲ್ ವಿಲ್ಕಿನ್ಸನ್ ಮತ್ತವನ ಗಂಡುಮಕ್ಕಳು ಹಡಗಿನ ಲಂಗರು, ಮೊಳೆ, ಎಣ್ಣೆ ಹಿಂಡುವ ಗಾಣಕ್ಕೆ ದೊಡ್ಡ ಕಬ್ಬಿಣದ ಸ್ಕ್ರೂ ಮಾಡ್ತಿದ್ದರು. ಸ್ಲೇಟರ್ ಉಳಿದುಕೊಂಡದ್ದು ಇದೇ ವಿಲ್ಕಿನ್ಸನ್ ಮನೆಯಲ್ಲಿ, ಮದುವೆ ಆಗಿದ್ದು ಅದೇ ಮನೆ ಮಗಳು ಹ್ಯಾನಾಳನ್ನ.

ಹಣ ಹಾಕಿದವನು ಪ್ರಾವಿಡೆನ್ಸ್‌ನ ವ್ಯಾಪಾರಿ ಮೋಸೆಸ್ ಬ್ರೌನ್. ಅವನು ಮೊದಲೇ ಕೊಂಡಿಟ್ಟಿದ್ದ ನೂಲಿನ ಮಷೀನುಗಳನ್ನ ಸ್ಲೇಟರ್ ನೋಡಿ, ಇವು ನಡೆಯಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ಹೊಸದಾಗಿ ಕಟ್ಟಬೇಕು. ಸಿಲ್ವೇನಸ್ ಬ್ರೌನ್ ಅನ್ನೋ ಬಡಗಿ ಮರದ ಭಾಗಗಳನ್ನ ಮಾಡಿದ. ಓಜಿಯಲ್‌ನ ಮಗ ಡೇವಿಡ್ ವಿಲ್ಕಿನ್ಸನ್, ಆಗಿನ್ನೂ ಹತ್ತೊಂಬತ್ತರ ಹುಡುಗ, ಹೆಚ್ಚುಕಡಿಮೆ ನಮ್ಮದೇ ವಯಸ್ಸು, ಕಬ್ಬಿಣದ ಕೆಲಸ ಮಾಡಿದ. ಹತ್ತಿ ಹಿಂಜುವ ಕಾರ್ಡಿಂಗ್ ಮಷೀನಿಗೆ ಚರ್ಮದ ಮೇಲೆ ಸಾವಿರಾರು ಸಣ್ಣ ತಂತಿ ಹಲ್ಲು ಚುಚ್ಚಿದ ಹೊದಿಕೆ ಬೇಕು. ಅದನ್ನ ಮಾಡಿದ್ದು ಲೆಸ್ಟರ್ ಊರಿನ ಪ್ಲೈನಿ ಅರ್ಲ್. ಮೊದಲ ಸಲ ಹತ್ತಿ ಸರಿಯಾಗಿ ಬರದೆ ಸುತ್ತಿಕೊಂಡಿತು, ಹಲ್ಲಿನ ಬಾಗು ಸರಿಯಿರಲಿಲ್ಲ. ಅದನ್ನ ಸರಿ ಮಾಡಿದ ಮೇಲೆಯೇ ಡಿಸೆಂಬರಿನಲ್ಲಿ 72 ಸ್ಪಿಂಡಲ್ ತಿರುಗಿದ್ದು. ಸ್ವಂತ ಮಿಲ್ ಕಟ್ಟಡ ಎದ್ದದ್ದು 1793ರಲ್ಲಿ, ಅದು ಈಗಲೂ ನಿಂತಿದೆ.

ಅಂದರೆ ಸ್ಲೇಟರ್ ತಂದದ್ದು ಡಿಸೈನ್. ಮ್ಯಾನುಫ್ಯಾಕ್ಚರಿಂಗ್ ಅಲ್ಲೇ ಇತ್ತು. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು ಕಷ್ಟದ್ದು, ಅದು ಒಬ್ಬರ ತಲೆಯಲ್ಲಿ ಹಡಗು ಹತ್ತಿ ಬರಲ್ಲ. ಇನ್ನೂ ಒಂದು ಸಾಕ್ಷಿ ಬೇಕಾ? ಸ್ಕ್ರೂ ಕತ್ತರಿಸುವ ಲೇತ್ ಅಂದ ತಕ್ಷಣ ನಾವೆಲ್ಲ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೆ ಹೆಸರು ಬರೀತೀವಿ. ಅದೇ ಸಮಯಕ್ಕೆ, 1798ರಲ್ಲಿ, ಪಾಟಕೆಟ್‌ನ ಈ ಡೇವಿಡ್ ವಿಲ್ಕಿನ್ಸನ್ ತನ್ನ ಲೇತ್‌ಗೆ ಪೇಟೆಂಟ್ ಪಡೆದಿದ್ದ. ಅದರಿಂದ ಅವನಿಗೆ ದುಡ್ಡು ಹುಟ್ಟಲಿಲ್ಲ. ಸರ್ಕಾರದ ಆಯುಧ ಕಾರ್ಖಾನೆಗಳೆಲ್ಲ ಅದನ್ನ ಬಳಸಿದವು. 1848ರಲ್ಲಿ, ಐವತ್ತು ವರ್ಷ ಆದಮೇಲೆ, ಅಮೆರಿಕದ ಕಾಂಗ್ರೆಸ್ 10,000 ಡಾಲರ್ ಕೊಟ್ಟಿತು. ಜೆಂಕ್ಸ್ ಮನೆತನವೂ ಕೈಕಟ್ಟಿ ಕೂರಲಿಲ್ಲ. 1830ರಲ್ಲಿ ಆಲ್ವಿನ್ ಜೆಂಕ್ಸ್, ಡೇವಿಡ್ ಫೇಲ್ಸ್ ಜೊತೆ ಸೇರಿ ಶುರು ಮಾಡಿದ ಫೇಲ್ಸ್ ಆಂಡ್ ಜೆಂಕ್ಸ್ ಕಂಪನಿ ಹತ್ತಿ ಮಷೀನು ತಯಾರಿಸಿ ಹೆಸರು ಮಾಡಿತು.

ಆದರೆ ಮಿಲ್ ಊರು ಅಂದರೆ ಮಷೀನು ಮಾಡಿದವರು ಮಾತ್ರ ಅಲ್ಲವಲ್ಲ, ಅದರ ಮುಂದೆ ನಿಂತವರೂ ಸೇರಬೇಕು. ಸ್ಲೇಟರ್‌ನ ಮೊದಲ ಕೆಲಸಗಾರರು ಒಂಬತ್ತು ಜನ, ವಯಸ್ಸು 7ರಿಂದ 12. ಮಕ್ಕಳು! ಆಮೇಲೆ ಇಡೀ ಕುಟುಂಬವನ್ನೇ ಕೆಲಸಕ್ಕೆ ಕರೆದು, ಮಿಲ್ಲಿನದೇ ಮನೆ, ಮಿಲ್ಲಿನದೇ ಅಂಗಡಿ ಕೊಡುವ ಪದ್ಧತಿ ಬೆಳೀತು. ಇದನ್ನ ರೋಡ್ ಐಲೆಂಡ್ ಪದ್ಧತಿ ಅಂತಾರೆ. ಮಕ್ಕಳ ಸಂಬಳ ಅಪ್ಪನ ಖಾತೆಗೆ, ಅಲ್ಲಿಂದ ಅಂಗಡಿ ಬಾಕಿಗೆ. ಹ್ಯಾನಾ ಸ್ಲೇಟರ್ 1793ರಲ್ಲಿ ಹತ್ತಿಯ ಹೊಲಿಗೆ ದಾರಕ್ಕೆ ಪೇಟೆಂಟ್ ಪಡೆದಳು ಅಂತ ಹೇಳ್ತಾರೆ. ಅದೂ ಸ್ವಂತ ಹೆಸರಿನಲ್ಲಲ್ಲ, ‘ಮಿಸೆಸ್ ಸ್ಯಾಮ್ಯುಯೆಲ್ ಸ್ಲೇಟರ್’ ಹೆಸರಿನಲ್ಲಿ.

1824ರ ಮೇ ತಿಂಗಳಲ್ಲಿ ಪಾಟಕೆಟ್‌ನ ಮಿಲ್ ಮಾಲೀಕರೆಲ್ಲ ಸೇರಿ, ದಿನದ ಕೆಲಸವನ್ನ ಒಂದು ಗಂಟೆ ಹೆಚ್ಚಿಸೋದು, ಪವರ್ ಲೂಮಿನಲ್ಲಿ ನೇಯುವ ಹೆಂಗಸರ ಕೂಲಿಯನ್ನ ಶೇ. 25ರಷ್ಟು ಇಳಿಸೋದು ಅಂತ ತೀರ್ಮಾನ ಮಾಡಿದರು. ಸುಮಾರು 100 ಹೆಂಗಸರು ಮಗ್ಗ ಬಿಟ್ಟು ಹೊರಗೆ ಬಂದರು. ಊರಿನವರೂ ಅವರ ಜೊತೆ ನಿಂತರು, ಮಾಲೀಕರ ಮನೆ ಮುಂದೆ ಗಲಾಟೆ ಆಯ್ತು, ಒಂದು ಮಿಲ್ಲಿಗೆ ಬೆಂಕಿಯೂ ಬಿತ್ತು. ಜೂನ್ ಮೊದಲ ವಾರದಲ್ಲಿ ರಾಜಿ ಆಯ್ತು. ಅಮೆರಿಕದ ಮೊದಲ ಫ್ಯಾಕ್ಟರಿ ಮುಷ್ಕರ ಇದು, ನಡೆಸಿದವರು ಹೆಂಗಸರು. ನಾಲ್ಕು ವರ್ಷ ಕಳೆದು, 1828ರಲ್ಲಿ, ಊರಿನವರೇ ಚಂದಾ ಎತ್ತಿ ಚರ್ಚಿನ ಗೋಪುರಕ್ಕೆ ಗಡಿಯಾರ ಹಾಕಿಸಿದರು. ಅಲ್ಲಿಯವರೆಗೆ ಹೊತ್ತು ಎಷ್ಟು ಅಂತ ಹೇಳ್ತಿದ್ದದ್ದು ಮಿಲ್ಲಿನ ಗಂಟೆ, ಗಂಟೆಯ ಹಗ್ಗ ಮಾಲೀಕನ ಕೈಯಲ್ಲಿ.

ಈ ಹೆಂಗಸರ, ಮಕ್ಕಳ ಮನೆತನವನ್ನ ಹುಡುಕಬೇಕು ಅಂದ್ರೆ? ಜೆಂಕ್ಸ್‌ಗೆ ಕ್ರಯಪತ್ರ ಇದೆ, ಪೇಟೆಂಟ್ ಇದೆ, ವಿಲ್ ಇದೆ, ಸಮಾಧಿ ಕಲ್ಲಿದೆ. ಜಮೀನಿಲ್ಲದವರಿಗೆ ಕ್ರಯಪತ್ರ ಎಲ್ಲಿಂದ ಬರಬೇಕು? ಅಮೆರಿಕದ ಜನಗಣತಿ 1790ರಲ್ಲೇ ಶುರುವಾಯ್ತು ನಿಜ. ಆದರೆ 1840ರವರೆಗೂ ಮನೆ ಯಜಮಾನನ ಹೆಸರು ಮಾತ್ರ ಬರೆದು, ಉಳಿದವರನ್ನ ಇಂತಿಷ್ಟು ವಯಸ್ಸಿನವರು ಇಷ್ಟು ಜನ ಅಂತ ಕಾಲಮ್ಮಿನಲ್ಲಿ ಅಂಕಿ ಹಾಕಿಬಿಡ್ತಿದ್ದರು. ಮಿಲ್ಲಿನ ಮಗು ಆ ಅಂಕಿಯೊಳಗೆ ಎಲ್ಲೋ ಇರುತ್ತೆ. ಅವರ ಹೆಸರು ಸಿಗೋ ಜಾಗ ಮಾಲೀಕರ ಲೆಕ್ಕದ ಪುಸ್ತಕ. ಬ್ರೌನ್ ಕಂಪನಿಯ ಕಾಗದಗಳು ರೋಡ್ ಐಲೆಂಡ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ, ಸ್ಲೇಟರ್‌ನ ಕಾಗದಗಳು ಹಾರ್ವರ್ಡ್‌ನ ಬೇಕರ್ ಲೈಬ್ರರಿಯಲ್ಲಿವೆ. ಯಾರು ಎಷ್ಟು ದಿನ ಬಂದರು, ಎಷ್ಟು ಕೂಲಿ, ಅಂಗಡಿಯಲ್ಲಿ ಏನು ತಗೊಂಡರು. ಕೂಲಿ ಕೊಡೋಕೆ ಬರೆದಿಟ್ಟದ್ದು ಈಗ ವಂಶಾವಳಿ ಹುಡುಕುವವರಿಗೆ ಆಧಾರ.

1850ರ ಜನಗಣತಿಯಲ್ಲಿ ಮೊದಲ ಬಾರಿಗೆ ಮನೆಯ ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ಜಾಗ ಬರೆದರು. ಮಿಲ್ ಮನೆಗಳ ಹೆಂಗಸರು, ಮಕ್ಕಳು ಅಲ್ಲಿಂದ ಹೆಸರಿನಲ್ಲೇ ಸಿಗ್ತಾರೆ. ಆದರೆ ಆ ಮಿಲ್ಲುಗಳಿಗೆ ಬರುತ್ತಿದ್ದ ಹತ್ತಿಯನ್ನ ಬಿಡಿಸಿದವರು ದಕ್ಷಿಣದ ತೋಟಗಳಲ್ಲಿದ್ದ ಗುಲಾಮರು. ಹಣ ಹಾಕಿದ ಮೋಸೆಸ್ ಬ್ರೌನ್ 1773ರಲ್ಲೇ ತನ್ನ ಗುಲಾಮರನ್ನ ಬಿಡುಗಡೆ ಮಾಡಿ, ಜೀವನಪೂರ್ತಿ ಗುಲಾಮಗಿರಿ ವಿರುದ್ಧ ಮಾತಾಡಿದವನು. ಅವನು ಶುರು ಮಾಡಿಸಿದ ಉದ್ಯಮ ಬೆಳೆದದ್ದು ಮಾತ್ರ ಅದೇ ಹತ್ತಿಯ ಮೇಲೆ. ರೋಡ್ ಐಲೆಂಡ್‌ನ ಕೆಲವು ಮಿಲ್ಲುಗಳು ಗುಲಾಮರಿಗೆ ಉಡಿಸೋಕೆ ಅಂತಲೇ ಒರಟು ಬಟ್ಟೆ ನೇಯ್ದು ದಕ್ಷಿಣಕ್ಕೆ ಕಳಿಸ್ತಿದ್ದವು. 1850ರಲ್ಲಿ ಅವರನ್ನ ಎಣಿಸೋಕೆ ಬೇರೆಯೇ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರು, ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. 1860ರಲ್ಲೂ ಹಾಗೇ. ಅವರ ಹೆಸರುಗಳು ಜನಗಣತಿಯಲ್ಲಿ ಬಂದದ್ದು 1870ರಲ್ಲಿ.